ಫ್ರಾಗ್ರೆನ್ಸ್ ಮಿಕ್ಸ್ ಜತೆ ಇನ್ನೊಂದು ಸಿರಿಂಜು ಯಾಕೆ?

ಪ್ರೀತಿಯ ಡಾಕ್ಟರುಗಳೇ, ನಮಸ್ಕಾರ.

ಮುಂದಿನ ಆರ್ಡರ್‌ನಿಂದ ಫ್ರಾಗ್ರೆನ್ಸ್ ಮಿಕ್ಸ್ 1ರ (ಚರ್ಮದ ಅಲರ್ಜಿ ಪತ್ತೆಗೆ ಪ್ಯಾಚ್ ಅಂಟಿಸಿ ಮಾಡುವ ಪರೀಕ್ಷೆಯ ಸುಗಂಧ ಮಿಶ್ರಣ) ಸಿರಿಂಜು ಒಂಟಿಯಾಗಿ ಬರುವುದಿಲ್ಲ. ಜತೆಗೆ ಸಾರ್ಬಿಟಾನ್ ಸೆಸ್ಕ್ವಿಒಲಿಯೇಟ್ ಎಂಬ ಎಮಲ್ಸಿಫೈಯರ್‌ನದೂ (ಸರಿಯಾಗಿ ಬೆರೆಯದ ವಸ್ತುಗಳನ್ನು ಬೆರೆಸುವ ಪದಾರ್ಥ) ಒಂದಿರುತ್ತದೆ, ಪೆಟ್ರೋಲೇಟಂನಲ್ಲಿ ಅಂದರೆ ವ್ಯಾಸಲೀನ್‌ನಂಥ ಜಿಡ್ಡಿನಲ್ಲಿ 20%. ದರ ಸ್ವಲ್ಪ ಜಾಸ್ತಿಯಾಗಿದೆ. ಬೇಸರವಾಗುತ್ತದೆ, ಗೊತ್ತು.

ನಮಗೆ ಮತ್ತೆ ಮತ್ತೆ ಬರುವ ದೂರು ಒಂದೇ. 'ಮಿಕ್ಸ್ ಹಾಕಿದ ಜಾಗ ಕೆಂಪಾಗಿ ಉಬ್ಬಿತು. ಎಂಟೂ ಸುಗಂಧ ಬಿಡಿಬಿಡಿಯಾಗಿ ಹಾಕಿದರೆ ಒಂದೂ ಏಳಲಿಲ್ಲ. ನೀವೇನೋ ಬೆರೆಸಿದ್ದೀರಿ.' ಹೌದು, ಬೆರೆಸಿದ್ದೇವೆ. ಆದರೆ ಕದ್ದುಮುಚ್ಚಿ ಅಲ್ಲ. ಯುಜೆನಾಲ್, ಜೆರಾನಿಯಾಲ್, ಸಿನ್ನಮಾಲ್, ಓಕ್ ಮಾಸ್ ಹೀಗೆ ಎಂಟು, ತಲಾ 1%. ಅದರ ಜತೆ 5% ಈ ಎಮಲ್ಸಿಫೈಯರ್. ಅದು ಇಲ್ಲದಿದ್ದರೆ ಸುಗಂಧ ಪೆಟ್ರೋಲೇಟಂನಲ್ಲಿ ಸಮನಾಗಿ ಹರಡುವುದಿಲ್ಲ. ಒಂದು ಕಡೆ ಹನಿಹನಿಯಾಗಿ ನಿಲ್ಲುತ್ತದೆ, ಇನ್ನೊಂದು ಕಡೆ ಏನೂ ಇರುವುದಿಲ್ಲ. ಪ್ಯಾಚ್‌ನಲ್ಲಿರುವ ನಿಮ್ಮ ಪುಟ್ಟ ಬಟ್ಟಲಿಗೆ ಬೀಳುವುದು ಬರೀ 20 ಮಿಲಿಗ್ರಾಂ, ಅದರಲ್ಲಿ ಯಾವ ಭಾಗ ಬಂತು ಅನ್ನೋದು ಅದೃಷ್ಟ ಆಗಿಬಿಡುತ್ತದೆ. ಅಲರ್ಜಿ ಇದ್ದವರೂ ಪರೀಕ್ಷೆಯಲ್ಲಿ ತಪ್ಪಿಸಿಕೊಳ್ಳಬಹುದು.

ತೊಂದರೆ ಏನೆಂದರೆ, ಕೆಲವರ ಚರ್ಮಕ್ಕೆ ಈ ಎಮಲ್ಸಿಫೈಯರೇ ಆಗುವುದಿಲ್ಲ. ಮಿಕ್ಸ್ ಪಾಸಿಟಿವ್ ಅಂತ ಬರೆದು, ಸೆಂಟು ಸೋಪು ಎಲ್ಲ ಬಿಡಿಸುತ್ತೀರಿ. ಆದರೆ ಅದೇ ಎಮಲ್ಸಿಫೈಯರ್ ಕೆಲವು ಸ್ಟೆರಾಯ್ಡ್ ಕ್ರೀಮುಗಳಲ್ಲೂ ಇರುತ್ತದೆ. ಹಚ್ಚಿದಷ್ಟೂ ಕೆರೆತ ಹೆಚ್ಚು! ಇನ್ನೊಂದು ಮಾತು. ನಮ್ಮ ಬಿಡಿ ಸಿರಿಂಜುಗಳಲ್ಲಿ ಅದು ಇಲ್ಲ. ಹಾಗಾಗಿ ಬಿಡಿಯಲ್ಲಿ ಏನೂ ಏಳಲಿಲ್ಲ ಅಂದ ಮಾತ್ರಕ್ಕೆ ಸುಗಂಧದ ತಪ್ಪಿಲ್ಲ ಅಂತಲೂ ಹೇಳಲಾಗದು. ಸರಿಯಾಗಿ ಹರಡದೆ ಸುಮ್ನಿದ್ದಿರಬಹುದು. ಎರಡನೆಯ ಸಿರಿಂಜು ಪಕ್ಕದಲ್ಲೇ ಹಾಕಿದರೆ, 48 ಗಂಟೆಗೆ ಪ್ಯಾಚ್ ತೆಗೆದಾಗಲೂ, ಆಮೇಲೆ ನಾಲ್ಕನೇ ದಿನ ನೋಡುವಾಗಲೂ ಅರ್ಧ ಅನುಮಾನ ಕಳೆಯುತ್ತದೆ.

ಲೇಬಲ್‌ನಲ್ಲಿ ಇದನ್ನು ಸಣ್ಣಕ್ಷರದಲ್ಲಿ ಹಾಕಿದ್ದು ನಮ್ಮದೇ ತಪ್ಪು. ಕ್ಷಮಿಸಿ. ಇನ್ನು ಮೇಲೆ ಹೆಸರಿನ ಕೆಳಗೇ ದಪ್ಪಕ್ಷರದಲ್ಲಿ ಇರುತ್ತದೆ.

ದುಡ್ಡಿನ ವಿಷಯಕ್ಕೆ ಬರೋಣ. 'ಅಗ್ಗದ ಎಣ್ಣೆಗೆ ಇಷ್ಟಾ?' ಅಂತ ಕೇಳಿದವರಿದ್ದಾರೆ. ಎಮಲ್ಸಿಫೈಯರ್ ಅಗ್ಗವೇ, ಒಪ್ಪುತ್ತೇವೆ. ಖರ್ಚಿರುವುದು ಸಿರಿಂಜು ತುಂಬುವುದರಲ್ಲಿ, ಪ್ರತಿ ಬ್ಯಾಚ್ ತಪಾಸಣೆಯಲ್ಲಿ, ಐಸ್ ಪ್ಯಾಕಿನಲ್ಲಿ. ಸುಗಂಧ ಆವಿಯಾಗುವ ಮಾಲು, ಬಿಸಿಲಲ್ಲಿ ಕಳಿಸೋಕಾಗಲ್ಲ. ಅವಧಿ ಮುಗಿದದ್ದನ್ನು ಎಸೆಯುವವರೂ ನಾವೇ. ಕೊರಿಯರ್‌ನವರು ತಡ ಮಾಡಿದರೆ ಬೈಗುಳವೂ ನಮಗೇ, ಅಲ್ವಾ?

ಹಳೆಯ ಮಿಕ್ಸ್ ಉಳಿದಿದ್ದರೆ, ಅವಧಿ ಇರುವವರೆಗೆ ಬಳಸಿ. ಎಮಲ್ಸಿಫೈಯರ್ ಸಿರಿಂಜು ಮಾತ್ರ ಕಳಿಸುತ್ತೇವೆ, ಈ ಸಲ ದುಡ್ಡು ಬೇಡ. ದಯವಿಟ್ಟು ಬಟ್ಟಲುಗಳನ್ನು ಹಿಂದಿನ ದಿನವೇ ತುಂಬಿಡಬೇಡಿ. ಫಲಿತಾಂಶದಲ್ಲಿ ಗೊಂದಲವಾದರೆ ಬ್ಯಾಚ್ ನಂಬರ್ ಹಿಡಿದು ಫೋನ್ ಮಾಡಿ. ಈಗಲೂ ಫೋನ್ ಎತ್ತುವುದು ನಾನೇ.

ನಿಮ್ಮ ವಿಶ್ವಾಸಿ,
ಮಿಶ್ರಣ ವಿಭಾಗದಿಂದ