ಸೈಫೈ ಬರಿಯೋರಿಗೂ ಒಂದು ಸಂಘ ಬೇಡ್ವಾ?

ಸಂಪಾದಕರೇ,

ಮುಂಬೈನಲ್ಲಿ ಕನ್ನಡ ಸಂಘಗಳಿಗೇನು ಬರ ಇಲ್ಲ, ಮಾಟುಂಗಾದ ಮೈಸೂರು ಅಸೋಸಿಯೇಷನ್ನೇ 1926ರಿಂದ ಇದೆ, ಆದ್ರೆ ಸೈನ್ಸ್ ಫಿಕ್ಷನ್ನು, ಫ್ಯಾಂಟಸಿ ಬರಿತೀನಿ ಅಂದ್ರೆ ಸಾಕು, "ಓ, ಮಕ್ಕಳ ಕಥೇನಾ?" ಅಂತಾರೆ.

ಅಮೆರಿಕದಲ್ಲಿ ಇಂಥ ಲೇಖಕರಿಗೇ ಅಂತ 1965ರಲ್ಲಿ ಸೈಫೈ ಲೇಖಕ ಡೇಮನ್ ನೈಟ್ ಕಟ್ಟಿದ ಸಂಘ ಇದೆ, ಎಸ್‌ಎಫ್‌ಡಬ್ಲ್ಯೂಎ (ಸೈನ್ಸ್ ಫಿಕ್ಷನ್ ಅಂಡ್ ಫ್ಯಾಂಟಸಿ ರೈಟರ್ಸ್ ಅಸೋಸಿಯೇಷನ್). ಇಂಥ ಬರಹಕ್ಕೆ ಅಂತಾನೇ ಇರೋ ನೆಬ್ಯುಲಾ ಪ್ರಶಸ್ತಿ ಕೊಡೋರು ಅವ್ರೇ. ಪ್ರಶಸ್ತಿ ಬಿಡಿ, ಕಾಯಿಲೆ ಬಿದ್ದ ಲೇಖಕರ ಆಸ್ಪತ್ರೆ ಖರ್ಚಿಗೆ ಫಂಡ್ ಇಟ್ಟಿದಾರೆ, ಕಾಂಟ್ರಾಕ್ಟ್ ಹೆಂಗಿರ್ಬೇಕು ಅಂತ ಮಾದರಿ ಕೊಡ್ತಾರೆ, ದುಡ್ಡು ಕೀಳೋ ಪಬ್ಲಿಷರ್‌ಗಳ ಬಗ್ಗೆ ಎಚ್ಚರಿಸೋಕೆ ರೈಟರ್ ಬಿವೇರ್ ಅಂತ ಒಂದು ವಿಭಾಗಾನೇ ಇದೆ.

ಇಲ್ಲಿ ನೋಡಿ, ನನ್ ಫ್ರೆಂಡ್ ಒಬ್ರ ಕಾದಂಬರಿಗೆ ಪ್ರಕಾಶಕರು ಪ್ರಿಂಟಿಂಗ್ ಖರ್ಚು ನೀವೇ ಹಾಕಿ, ಅರ್ಧ ಕಾಪಿ ನೀವೇ ತಗೊಳ್ಳಿ ಅಂದ್ರು, ಅಗ್ರಿಮೆಂಟಲ್ಲಿ ರಾಯಲ್ಟಿ ಮಾತೇ ಇಲ್ಲ, ಇವ್ರೂ ಪುಸ್ತಕ ಬಂದ್ರೆ ಸಾಕಪ್ಪಾ ಅಂತ ಸೈನ್ ಹಾಕಿದ್ರು, ಈಗ ಬಂಡಲ್‌ಗಳೆಲ್ಲಾ ಡೊಂಬಿವಲಿಯ ಒನ್ ಬಿಎಚ್‌ಕೆಯಲ್ಲಿ ಮಂಚದ ಕೆಳಗೆ!

ಅಮೆರಿಕದವರೆಗೆ ಯಾಕೆ, ಇದೇ ಮುಂಬೈನ ಮರಾಠಿ ವಿಜ್ಞಾನ ಪರಿಷತ್ತು 1966ರಿಂದ ಇದೆ. ಅವ್ರ ವಿಜ್ಞಾನ ಕಥಾಸ್ಪರ್ಧೆಗೆ 1974ರಲ್ಲಿ ಜಯಂತ ನಾರಳೀಕರ್ ಬೇರೆ ಹೆಸರಲ್ಲಿ ಕಥೆ ಕಳಿಸಿ ಬಹುಮಾನ ಗೆದ್ರು. ಅಷ್ಟು ದೊಡ್ಡ ವಿಜ್ಞಾನಿ, ಹೆಸರು ಮುಚ್ಚಿಟ್ಟು! ಹಂಗೆ ಕಳಿಸೋಕೆ ನಮಗೊಂದು ಜಾಗ ಎಲ್ಲಿದೆ ಸ್ವಾಮಿ?

ಹೊಸ ಸಂಘ ಕಟ್ಟೋದು ಆಮೇಲಿನ ಮಾತು. ಈಗಿರೋ ಸಂಘದೋರೇ ತಿಂಗಳಿಗೊಂದು ಭಾನುವಾರ ರೂಮ್ ಬಿಟ್ಕೊಡ್ಲಿ, ಕನ್ನಡ ಬಲ್ಲ ವಕೀಲರು ಒಬ್ರು ಬಂದು ಅಗ್ರಿಮೆಂಟ್ ಓದಿ ಹೇಳಿದ್ರೆ ಸಾಕು, ಚಹಾದ ಖರ್ಚು ನಾವೇ ನೋಡ್ಕೊತೀವಿ.

– ಒಬ್ಬ ಓದುಗ, ಡೊಂಬಿವಲಿ