ಸ್ಮಾರ್ಟ್ ಕ್ಲಾಸ್ ಉಪಕರಣ ಮತ್ತು ಕಲಿಕಾ ತಂತ್ರಾಂಶದ ದೋಷಗಳ ಕುರಿತು ದೂರು

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ,
ಸ್ಮಾರ್ಟ್ ಕ್ಲಾಸ್ ಪೂರೈಕೆದಾರ ಸಂಸ್ಥೆ

ಇವರಿಂದ,
ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಹಾಗೂ ವಿಜ್ಞಾನ, ಗಣಿತ ಶಿಕ್ಷಕರು,
ಸರ್ಕಾರಿ ಪ್ರೌಢಶಾಲೆ, ಕೊಪ್ಪಳ ಜಿಲ್ಲೆ

ವಿಷಯ: 75 ಇಂಚಿನ ಟಚ್ ಪ್ಯಾನೆಲ್, ಯುಪಿಎಸ್ ಮತ್ತು ಕಲಿಕಾ ತಂತ್ರಾಂಶದಲ್ಲಿನ ದೋಷ ಸರಿಪಡಿಸುವ ಬಗ್ಗೆ.

ಮಾನ್ಯರೇ,

ದಾನಿಗಳು ಕೊಟ್ಟ ಹಣದಲ್ಲಿ ನಿಮ್ಮಿಂದ ಕೊಂಡ ಸ್ಮಾರ್ಟ್ ಕ್ಲಾಸ್ ಸೆಟ್ಟನ್ನು ನಮ್ಮ 10ನೇ ತರಗತಿಯ ಕೋಣೆಯಲ್ಲಿ ಅಳವಡಿಸಿ ಹೋಗಿದ್ದೀರಿ. ಅಂದಿನಿಂದ ಸಹಾಯವಾಣಿಗೆ ಯಾವ ದೂರು ಕೊಟ್ಟರೂ ಸಿಗುವ ಉತ್ತರ ಒಂದೇ: ಆಫ್ ಮಾಡಿ ಆನ್ ಮಾಡಿ. ಮರುದಿನ ‘ನಿಮ್ಮ ದೂರು ಬಗೆಹರಿದಿದೆ’ ಎಂಬ ಎಸ್‌ಎಂಎಸ್ ಬರುತ್ತದೆ. ಹಾಗಾಗಿ ಯಾವುದು ಕೆಟ್ಟಿದೆ, ಏಕೆ ಕೆಟ್ಟಿದೆ ಎಂಬುದನ್ನು ನಾವೇ ಅಳೆದು ನೋಡಿ ಇಲ್ಲಿ ಬರೆದಿದ್ದೇವೆ. ಈ ಪತ್ರ ಕಾಲ್ ಸೆಂಟರಿನಲ್ಲಿ ನಿಲ್ಲದೆ ಅಳವಡಿಕೆ ಎಂಜಿನಿಯರ್ ಮತ್ತು ತಂತ್ರಾಂಶ ಬರೆಯುವವರ ಕೈ ಸೇರಲಿ.

ಮೊದಲು ಮಕ್ಕಳ ಸುರಕ್ಷತೆಯ ವಿಷಯ. ಪ್ಯಾನೆಲ್‌ನ ಲೋಹದ ಚೌಕಟ್ಟನ್ನು ಬರಿಗಾಲಲ್ಲಿ ನಿಂತು ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ, ಟೆಸ್ಟರ್ ಹಚ್ಚಿದರೆ ದೀಪ ಉರಿಯುತ್ತದೆ. ‘ನಿಮ್ಮ ಶಾಲೆಯ ಅರ್ಥಿಂಗ್ ಸರಿಯಿಲ್ಲ’ ಎಂದು ಸಹಾಯವಾಣಿಯವರು ಫೋನಿನಲ್ಲೇ ತೀರ್ಪು ಕೊಟ್ಟರು. ಗೋಡೆಯ ಸಾಕೆಟ್‌ನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಮಲ್ಟಿಮೀಟರ್ ತೋರಿಸುವುದು 2 ವೋಲ್ಟ್‌ಗಿಂತ ಕಡಿಮೆ. ಇದು ಶಾಲೆಯ ಅರ್ಥಿಂಗ್ ಸರಿಯಾಗಿಯೇ ಇರುವ ಲಕ್ಷಣ. ಅದೇ ಸಾಕೆಟ್‌ನ ಅರ್ಥ್‌ನಿಂದ ಪ್ಯಾನೆಲ್‌ನ ಚೌಕಟ್ಟಿಗೆ ಅಳೆದರೆ ಮಾತ್ರ 100 ವೋಲ್ಟ್‌ಗೆ ಹತ್ತಿರದ ಅಂಕಿ ಬರುತ್ತದೆ. ತಪ್ಪು ಇರುವುದು ಇವೆರಡರ ನಡುವೆ, ನಿಮ್ಮ ಕೆಲಸಗಾರರು ಬಿಟ್ಟುಹೋದ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ. ಬೋರ್ಡಿನ ಮೇಲೆ ಮೂರು ತೂತುಗಳಿವೆ, ಪ್ಯಾನೆಲ್‌ನ ಮೂರು ಪಿನ್ನಿನ ಪ್ಲಗ್ ಅದರಲ್ಲಿ ಚೆನ್ನಾಗಿಯೇ ಕೂರುತ್ತದೆ. ಆದರೆ ಬೋರ್ಡ್ ಬಿಚ್ಚಿ ನೋಡಿದರೆ ಒಳಗೆ ಬಂದಿರುವುದು ಎರಡೇ ಎಳೆಯ ವೈರ್. ಅರ್ಥ್ ತೂತಿನ ಹಿಂದೆ ಏನೂ ಇಲ್ಲ. ಪ್ಯಾನೆಲ್‌ನ ಪವರ್ ಸಪ್ಲೈ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳಿಂದ ಸೋರುವ ಅಲ್ಪ ಕರೆಂಟು ಭೂಮಿಗೆ ಹೋಗಲು ದಾರಿಯಿಲ್ಲದೆ ಚೌಕಟ್ಟಿನಲ್ಲೇ ನಿಲ್ಲುತ್ತಿದೆ. ಇವತ್ತು ಬರೀ ಜುಮ್ಮೆನ್ನುತ್ತಿದೆ. ನಾಳೆ ಒಳಗೆ ಫೇಸ್ ತಂತಿ ಚೌಕಟ್ಟಿಗೆ ತಗುಲಿದರೆ ಫ್ಯೂಸ್ ಹಾರುವುದಿಲ್ಲ, ಮುಟ್ಟಿದ ಮಗುವಿಗೇ ಹೊಡೆಯುತ್ತದೆ. ಇಷ್ಟಿದ್ದೂ ನಿಮ್ಮ ಅಳವಡಿಕೆ ವರದಿಯಲ್ಲಿ ‘ಅರ್ಥಿಂಗ್ ಪರಿಶೀಲಿಸಲಾಗಿದೆ’ ಎಂಬುದರ ಮುಂದೆ ರೈಟ್ ಗುರುತು ಹಾಕಲಾಗಿದೆ. ಬೋರ್ಡನ್ನು ನಾವು ತೆಗೆದಿಟ್ಟಿದ್ದೇವೆ. ಪ್ಯಾನೆಲ್ ಸದ್ಯಕ್ಕೆ ಬಂದ್.

ಎರಡನೆಯದು ಯುಪಿಎಸ್. ನಿಮ್ಮ ಕ್ಯಾಟಲಾಗ್‌ನಲ್ಲಿ ‘1 ಗಂಟೆ ಬ್ಯಾಕಪ್’ ಎಂದು ದಪ್ಪ ಅಕ್ಷರದಲ್ಲಿದೆ. ಅದು ಕಡಿಮೆ ಲೋಡಿನ ಲೆಕ್ಕ ಎಂಬ ಮಾತು ಪುಟದ ಅಡಿಯಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರದಲ್ಲಿದೆ. ಕೊಟ್ಟಿರುವುದು 600 ವಿಎ ಯುಪಿಎಸ್, ಒಳಗೆ 12 ವೋಲ್ಟ್ 7 ಆಂಪಿಯರ್ ಅವರ್‌ನ ಒಂದೇ ಬ್ಯಾಟರಿ. 12ನ್ನು 7ರಿಂದ ಗುಣಿಸಿದರೆ 84 ವ್ಯಾಟ್ ಅವರ್. ಪ್ಯಾನೆಲ್ ಮತ್ತು ಅದರ ಹಿಂದೆ ಸೇರಿಸಿದ ಕಂಪ್ಯೂಟರ್ ಎರಡೂ ಪೂರ್ಣ ಬೆಳಕಿನಲ್ಲಿ ಓಡುವಾಗ ವ್ಯಾಟ್ ಮೀಟರ್ ತೋರಿಸುವುದು 280 ವ್ಯಾಟ್. ಬ್ಯಾಟರಿಯ ಮೇಲೆ ಬರೆದ 7 ಆಂಪಿಯರ್ ಅವರ್ ಸಿಗುವುದು 20 ಗಂಟೆಗಳ ಕಾಲ ನಿಧಾನವಾಗಿ ಹೀರಿದರೆ ಮಾತ್ರ. ನಮ್ಮ ಲೋಡಿಗೆ ಅದು 25ರಿಂದ 30 ಆಂಪಿಯರ್ ಕೊಡಬೇಕು. ಅಷ್ಟು ಜೋರಾಗಿ ಹೀರಿದಾಗ ಸೀಸದ ಬ್ಯಾಟರಿ ಅರ್ಧ ಸಾಮರ್ಥ್ಯವನ್ನೂ ಕೊಡುವುದಿಲ್ಲ. ಹೊಸ ಬ್ಯಾಟರಿಯಲ್ಲೇ ಸಿಗುವುದು ಆರೇಳು ನಿಮಿಷ. ನಮ್ಮ ಒಂದು ಪೀರಿಯಡ್ 40 ನಿಮಿಷ.

ಇಲ್ಲಿ ಕರೆಂಟ್ ಹೋದರೆ ಹತ್ತು ನಿಮಿಷದೊಳಗೆ ಬರುತ್ತದೆಂದು ಯಾರೂ ಕಾಯುವುದಿಲ್ಲ. ಯುಪಿಎಸ್ ಏಕಾಏಕಿ ಕೈಕೊಟ್ಟಾಗ ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗದೆ ನಿಲ್ಲುತ್ತದೆ. ಕರೆಂಟ್ ಬಂದ ಮೇಲೆ ಡಿಸ್ಕ್ ತಪಾಸಣೆ, ವಿಂಡೋಸ್ ಅಪ್‌ಡೇಟ್, ಆಮೇಲೆ ನಿಮ್ಮ ಪರವಾನಗಿ ತಪಾಸಣೆ ಮುಗಿಯುವಷ್ಟರಲ್ಲಿ ಬೆಲ್ ಹೊಡೆದಿರುತ್ತದೆ. ಇನ್ನೊಂದು 600 ವಿಎ ಯುಪಿಎಸ್ ತಂದಿಟ್ಟರೆ ಇದು ಬಗೆಹರಿಯುವುದಿಲ್ಲ. ಪ್ಯೂರ್ ಸೈನ್‌ವೇವ್ ಇನ್ವರ್ಟರ್ ಮತ್ತು 12 ವೋಲ್ಟ್ 150 ಆಂಪಿಯರ್ ಅವರ್ ಟ್ಯೂಬ್ಯುಲರ್ ಬ್ಯಾಟರಿ ಬೇಕು. ಬ್ಯಾಟರಿಯ ಅರ್ಧ ಶಕ್ತಿ ಮಾತ್ರ ಬಳಸಿ, ಇನ್ವರ್ಟರ್‌ನಲ್ಲಿ ಐದನೇ ಒಂದು ಭಾಗ ನಷ್ಟವಾಯಿತೆಂದು ಹಿಡಿದರೂ 720 ವ್ಯಾಟ್ ಅವರ್ ಉಳಿಯುತ್ತದೆ, ಇದೇ ಲೋಡಿಗೆ ಎರಡೂವರೆ ಗಂಟೆ. ಇನ್ವರ್ಟರ್‌ನ ಹಿಂಬದಿಯ ಸ್ವಿಚ್ ‘ಯುಪಿಎಸ್ ಮೋಡ್’ನಲ್ಲೇ ಇರಬೇಕು. ಇನ್ನೊಂದು ಮೋಡ್‌ನಲ್ಲಿ ಕರೆಂಟಿನಿಂದ ಬ್ಯಾಟರಿಗೆ ಬದಲಾಗುವುದು ನಿಧಾನವಾಗಿ ಕಂಪ್ಯೂಟರ್ ಮತ್ತೆ ರೀಸ್ಟಾರ್ಟ್ ಆಗುತ್ತದೆ. ಫ್ಯಾನು, ಟ್ಯೂಬ್‌ಲೈಟನ್ನು ಮಾತ್ರ ಯೋಚಿಸಿ ಬರುವ ಮೆಕ್ಯಾನಿಕ್‌ಗಳು ಇದನ್ನು ನೋಡುವುದೇ ಇಲ್ಲ. ಹೆಚ್ಚುವರಿ ಬೆಲೆ ಯಾರು ಕೊಡಬೇಕೆಂಬ ಮಾತಿಗೆ ಬರೋಣ, ಆದರೆ ಕ್ಯಾಟಲಾಗ್‌ನ ಆ ದಪ್ಪ ಅಕ್ಷರವನ್ನು ಎದುರಿಗಿಟ್ಟುಕೊಂಡೇ.

ನಮಗೆ ಹೆಚ್ಚು ಸಿಟ್ಟು ತರಿಸಿರುವುದು ಮೂರನೆಯದು, ತಂತ್ರಾಂಶದ ಕಿರುಪರೀಕ್ಷೆ ವಿಭಾಗ. ಅದು ಮಕ್ಕಳ ಸರಿ ಉತ್ತರಗಳನ್ನು ತಪ್ಪೆಂದು ಗುರುತಿಸುತ್ತಿದೆ. ‘ಬಿಟ್ಟ ಸ್ಥಳ ತುಂಬಿರಿ’ ಪ್ರಶ್ನೆಗೆ ಮಗು ತೆರೆಯ ಮೇಲಿನ ಕನ್ನಡ ಕೀಲಿಮಣೆಯಲ್ಲಿ ‘ಕೋಶ’ ಎಂದು ಬರೆದರೆ ಕೆಂಪು ಗುರುತು ಬೀಳುತ್ತದೆ, ಕೆಳಗೆ ‘ಸರಿ ಉತ್ತರ: ಕೋಶ’ ಎಂದು ಬರುತ್ತದೆ! ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಕಣ್ಣಿಗೆ ಒಂದು ಕೂದಲೆಳೆಯ ವ್ಯತ್ಯಾಸವೂ ಕಾಣದು. ವ್ಯತ್ಯಾಸ ಇರುವುದು ಒಳಗಿನ ಸಂಕೇತಗಳಲ್ಲಿ. ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಸಂಕೇತ ಕೊಡುವ ಜಾಗತಿಕ ವ್ಯವಸ್ಥೆಯಾದ ಯೂನಿಕೋಡ್‌ನಲ್ಲಿ ಓಕಾರದ ಚಿಹ್ನೆಗೆ ಒಂದು ಇಡಿಯಾದ ಸಂಕೇತವಿದೆ. ಅದನ್ನೇ ಎಕಾರ, ಊಕಾರ ಮತ್ತು ದೀರ್ಘದ ಚಿಹ್ನೆ ಎಂಬ ಮೂರು ಚೂರುಗಳಾಗಿಯೂ ಬರೆಯಬಹುದು. ಮಗು ಬರೆದ ‘ಕೋಶ’ದಲ್ಲಿ ಮೂರು ಸಂಕೇತಗಳಿವೆ. ನಿಮ್ಮ ಕೀ ಉತ್ತರದ ‘ಕೋಶ’ವನ್ನು ನಕಲು ಮಾಡಿ ಎಣಿಸಿದರೆ ಐದು ಬರುತ್ತವೆ. ನಿಮ್ಮ ತಂತ್ರಾಂಶ ಎರಡನ್ನೂ ಹಸಿಹಸಿಯಾಗಿ ಹೋಲಿಸಿ ಬೇರೆ ಬೇರೆ ಎನ್ನುತ್ತದೆ. ಯೂನಿಕೋಡ್ ನಿಯಮದ ಪ್ರಕಾರ ಇವೆರಡೂ ಸಮಾನ.

ಈ ದೋಷ ಎಲ್ಲ ಪದಗಳಲ್ಲೂ ಇಲ್ಲ, ಅದಕ್ಕೇ ನಿಮ್ಮ ಪರೀಕ್ಷಕರ ಕಣ್ಣು ತಪ್ಪಿಸಿರಬೇಕು. ‘ಆಮ್ಲ’, ‘ಪ್ರತ್ಯಾಮ್ಲ’, ‘ಬಲ’ ಬರೆದರೆ ಹಸಿರು ಬೀಳುತ್ತದೆ. ‘ಲೋಹ’, ‘ಜೀವಿ’, ‘ಕೇಂದ್ರ’, ‘ಮೈಟೋಕಾಂಡ್ರಿಯ’ ಬರೆದರೆ ಕೆಂಪು. ಈಕಾರ, ಏಕಾರ, ಐಕಾರ, ಒಕಾರ, ಓಕಾರ ಈ ಐದು ಚಿಹ್ನೆಗಳು ಬಂದಲ್ಲೆಲ್ಲ ಎಡವುತ್ತದೆ, ಏಕೆಂದರೆ ಚೂರುಗಳಾಗಿ ಒಡೆಯಬಲ್ಲವು ಈ ಐದೇ. ಚೂರುಗಳಿರುವುದನ್ನು ನೋಡಿದರೆ ಪ್ರಶ್ನೆಕೋಶವನ್ನು ಹಳೆಯ ನುಡಿ ಫಾಂಟಿನ ಕಡತಗಳಿಂದ ಪರಿವರ್ತಿಸಿದ್ದೀರಿ ಎಂದು ತೋರುತ್ತದೆ. ಆ ಫಾಂಟಿನಲ್ಲಿ ಅಕ್ಷರದ ತುಂಡುಗಳನ್ನು ಒಂದರ ಪಕ್ಕ ಒಂದು ಜೋಡಿಸುತ್ತಿದ್ದರು, ಪರಿವರ್ತಕ ಆ ತುಂಡುಗಳನ್ನು ಒಂದಾಗಿಸದೆ ಹಾಗೇ ಇಳಿಸಿದೆ. ಪರಿಹಾರ ದೊಡ್ಡದೇನಲ್ಲ. ಹೋಲಿಸುವ ಮುನ್ನ ಮಗುವಿನ ಉತ್ತರವನ್ನೂ ಕೀ ಉತ್ತರವನ್ನೂ ಯೂನಿಕೋಡ್‌ನ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಚೂರುಗಳು ಒಂದಾದ ರೂಪಕ್ಕೆ, ತನ್ನಿ. ಬಹುತೇಕ ಎಲ್ಲ ಪ್ರೋಗ್ರಾಮಿಂಗ್ ಭಾಷೆಗಳಲ್ಲೂ ಇದು ಒಂದು ಸಾಲಿನ ಕೆಲಸ. ಪದದ ಕೊನೆಯಲ್ಲಿ ಕಾಣದೆ ಕೂತಿರುವ ಜಾಗ ಮತ್ತು ಶೂನ್ಯ ಅಗಲದ ಅಕ್ಷರಗಳನ್ನು ಕಿತ್ತುಹಾಕಿ, ಅದನ್ನು ಎನ್‌ಎಫ್‌ಸಿ ಮಾಡುವುದಿಲ್ಲ. ಆದರೆ ‘ರ‍್ಯಾಂಕ್’ನಂಥ ಪದದ ನಡುವೆ ಇರುವ, ಕಣ್ಣಿಗೆ ಕಾಣದ ಶೂನ್ಯ ಅಗಲದ ಜೋಡಕವನ್ನು ಪ್ರದರ್ಶನದ ಪಠ್ಯದಿಂದ ತೆಗೆಯಬೇಡಿ, ಅಕ್ಷರದ ರೂಪವೇ ಬದಲಾಗುತ್ತದೆ. ಹೋಲಿಕೆಯ ಪ್ರತಿಯಿಂದ ಮಾತ್ರ ತೆಗೆಯಿರಿ. ಜೊತೆಗೆ ಒಂದು ಪ್ರಶ್ನೆಗೆ ಒಂದಕ್ಕಿಂತ ಹೆಚ್ಚು ಒಪ್ಪುವ ಉತ್ತರ ಸೇರಿಸಲು ಶಿಕ್ಷಕರಿಗೆ ಅವಕಾಶ ಬೇಕು. ‘ಕಾರ್ಬನ್ ಡೈಆಕ್ಸೈಡ್’ ಎಂದು ಸೇರಿಸಿ ಬರೆದವರೂ ‘ಕಾರ್ಬನ್ ಡೈ ಆಕ್ಸೈಡ್’ ಎಂದು ಬಿಡಿಸಿ ಬರೆದವರೂ ಸರಿಯೇ.

ಇದು ಬರೀ ಅಂಕದ ಪ್ರಶ್ನೆಯಾಗಿದ್ದರೆ ಕೈಯಲ್ಲೇ ತಿದ್ದಿಕೊಳ್ಳುತ್ತಿದ್ದೆವು. ಈ ಅಂಕಗಳನ್ನು ಹಿಡಿದು ನಿಮ್ಮ ತಂತ್ರಾಂಶ ‘ನಿಧಾನ ಕಲಿಕೆಯವರು’ ಎಂಬ ಪಟ್ಟಿಯನ್ನು ತಾನೇ ತಯಾರಿಸಿ ಪೋಷಕರ ಮೊಬೈಲಿಗೆ ಕಳಿಸುತ್ತಿದೆ. ಶಿಕ್ಷಕರು ನೋಡಿ ಒಪ್ಪುವವರೆಗೂ ಯಾವ ಪಟ್ಟಿಯೂ ಹೊರಗೆ ಹೋಗಬಾರದು. ಈಗಾಗಲೇ ಕಳಿಸಿದ ಸಂದೇಶಗಳಿಗೆ ತಿದ್ದುಪಡಿ ಸಂದೇಶ ನಿಮ್ಮ ಹೆಸರಿನಲ್ಲೇ ಹೋಗಬೇಕು. ಅಂದಹಾಗೆ ಪ್ರತಿ ಮಗುವಿನ ಲಾಗಿನ್‌ಗೆ ಪೋಷಕರ ಮೊಬೈಲ್ ಸಂಖ್ಯೆ, ಜನ್ಮದಿನಾಂಕ ಏಕೆ ಕೇಳುತ್ತೀರಿ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಖಚಿತ ಒಪ್ಪಿಗೆ ಬೇಕೆನ್ನುತ್ತದೆ. ನೀವು ಯಾರ ಸಹಿಯನ್ನೂ ಕೇಳಿಲ್ಲ. ಕಿರುಪರೀಕ್ಷೆಗೆ ಹಾಜರಿ ಸಂಖ್ಯೆಯೊಂದೇ ಸಾಕು.

ಪರವಾನಗಿಯ ವಿಚಾರ ಚಿಕ್ಕದಾಗಿ ಹೇಳುತ್ತೇವೆ. ಪ್ರತಿ ಸಲ ಆನ್ ಮಾಡಿದಾಗ ತಂತ್ರಾಂಶ ಇಂಟರ್ನೆಟ್ ಕೇಳುತ್ತದೆ, ಸಿಗದಿದ್ದರೆ ಹಾರ್ಡ್‌ಡಿಸ್ಕ್‌ನಲ್ಲೇ ಇರುವ ವಿಡಿಯೊವನ್ನೂ ತೆರೆಯುವುದಿಲ್ಲ. ‘ಆಫ್‌ಲೈನ್ ಕಂಟೆಂಟ್’ ಎಂದು ಬಿಲ್ಲಿನಲ್ಲಿ ಬರೆದು ಹಣ ಪಡೆದಿದ್ದೀರಿ. ಸರ್ಕಾರದ ದೀಕ್ಷಾ ಆ್ಯಪ್‌ನಲ್ಲಿ ಒಮ್ಮೆ ಡೌನ್‌ಲೋಡ್ ಮಾಡಿದ ಪಾಠ ನೆಟ್ ಇಲ್ಲದೆಯೂ ಓಡುತ್ತದೆ, ಪುಕ್ಕಟೆಯಾಗಿ. ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ ಸಿಮ್ಯುಲೇಶನ್‌ಗಳು (ತೆರೆಯ ಮೇಲೆ ಪ್ರಯೋಗ ಮಾಡಿ ನೋಡುವ ಮಾದರಿಗಳು) ಒಂದೊಂದೂ ಒಂದೇ ಕಡತ, ಬ್ರೌಸರ್‌ನಲ್ಲಿ ತೆರೆದರೆ ಮುಗಿಯಿತು. ವಿದ್ಯುತ್ ಮಂಡಲದ ಪಾಠಕ್ಕೆ ಅದಕ್ಕಿಂತ ಒಳ್ಳೆಯದು ನಿಮ್ಮ ಸಂಗ್ರಹದಲ್ಲಿ ಇಲ್ಲವೆಂದೇ ನಮ್ಮ ಅಭಿಪ್ರಾಯ. ಅದನ್ನು ಪೆನ್‌ಡ್ರೈವ್‌ನಿಂದ ಹಾಕಿಕೊಳ್ಳೋಣವೆಂದರೆ ಯುಎಸ್‌ಬಿ ಬಂದ್ ಮಾಡಿ, ಅಡ್ಮಿನ್ ಪಾಸ್‌ವರ್ಡ್ ನಿಮ್ಮಲ್ಲೇ ಇಟ್ಟುಕೊಂಡಿದ್ದೀರಿ. ಕೊಂಡ ಯಂತ್ರದ ಪಾಸ್‌ವರ್ಡ್ ಕೊಂಡವರ ಹತ್ತಿರ ಇರಬೇಕು. ಪರವಾನಗಿ ತಪಾಸಣೆ ಬೇಕೇಬೇಕೆಂದರೆ ವರ್ಷಕ್ಕೊಮ್ಮೆ ಮಾಡಿಕೊಳ್ಳಿ.

ಕೊನೆಗೆ ಪ್ಯಾನೆಲ್‌ನ ಜಾಗ. ಇದು ಇನ್‌ಫ್ರಾರೆಡ್ ಟಚ್, ಚೌಕಟ್ಟಿನ ಅಂಚಿನಲ್ಲಿ ಕಾಣದ ಕಿರಣಗಳು ಅತ್ತಿಂದಿತ್ತ ಹಾಯುತ್ತಿರುತ್ತವೆ. ಪಶ್ಚಿಮದ ಕಿಟಕಿಯ ಎದುರು ಕೂರಿಸಿರುವುದರಿಂದ ಮಧ್ಯಾಹ್ನ ಮೂರರ ನಂತರ ಬಿಸಿಲು ನೇರ ಅಂಚಿಗೆ ಬಿದ್ದು ಯಾರೂ ಮುಟ್ಟದೆಯೇ ಗೆರೆಗಳು ಮೂಡುತ್ತವೆ. ಪಕ್ಕದ ಬೋರ್ಡಿನ ಸೀಮೆಸುಣ್ಣದ ಪುಡಿ ಕೂತರೂ ಇದೇ ಪಾಡು. ಪುಡಿಯನ್ನು ಒಣ ಬಟ್ಟೆಯಲ್ಲಿ ನಾವು ದಿನವೂ ಒರೆಸುತ್ತೇವೆ, ಸೂರ್ಯನನ್ನು ಒರೆಸಲಾಗದು. ಎತ್ತರವೂ ತಪ್ಪು: ಕೆಳ ಅಂಚು ನೆಲದಿಂದ ನಾಲ್ಕೂವರೆ ಅಡಿಯಲ್ಲಿದೆ. 75 ಇಂಚಿನ ಪ್ಯಾನೆಲ್‌ನ ಎತ್ತರವೇ ಮೂರು ಅಡಿಗಿಂತ ಹೆಚ್ಚು, ಹಾಗಾಗಿ ಮೇಲಿನ ಮೆನು ಏಳೂವರೆ ಅಡಿ ದಾಟುತ್ತದೆ. ಮಕ್ಕಳ ಕೈಗೆ ಎಟುಕದ ಟಚ್ ಪ್ಯಾನೆಲ್ ದುಬಾರಿ ಟಿವಿ ಅಷ್ಟೇ. ಉತ್ತರದ ಗೋಡೆಗೆ, ಕೆಳ ಅಂಚು ಮೂರು ಅಡಿಗೆ ಬರುವಂತೆ ಸ್ಥಳಾಂತರಿಸಿ.

ನಮ್ಮ ಬೇಡಿಕೆ ಹೀಗಿದೆ. ಮೂರು ಎಳೆಯ, ಐಎಸ್‌ಐ ಗುರುತಿನ ವೈರಿನಲ್ಲಿ ನೇರ ಸಂಪರ್ಕ ಕೊಟ್ಟು, ಕರೆಂಟ್ ಸೋರಿದರೆ ತಕ್ಷಣ ಸಂಪರ್ಕ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಸ್ವಿಚ್ ಕೂರಿಸಿ, ನಮ್ಮೆದುರೇ ಅಳೆದು ತೋರಿಸುವ ಕೆಲಸ ಪತ್ರ ತಲುಪಿದ 3 ದಿನಗಳಲ್ಲಿ ಆಗಬೇಕು. ಪ್ಯಾನೆಲ್ ಸ್ಥಳಾಂತರ, ಪವರ್ ಬ್ಯಾಕಪ್, ಪರವಾನಗಿ ಮತ್ತು ಪಾಸ್‌ವರ್ಡ್ 15 ದಿನಗಳಲ್ಲಿ. ಕಿರುಪರೀಕ್ಷೆಯ ತಿದ್ದುಪಡಿಗೆ 30 ದಿನ ಕೊಡುತ್ತೇವೆ, ಆದರೆ ಪೋಷಕರಿಗೆ ಹೋಗುವ ಸಂದೇಶ ಇಂದೇ ನಿಲ್ಲಲಿ. ಇವೆಲ್ಲ ಮುಗಿಯುವ ತನಕ ತೃಪ್ತಿಕರ ಪ್ರಮಾಣಪತ್ರಕ್ಕೆ ಮುಖ್ಯ ಶಿಕ್ಷಕರು ಸಹಿ ಹಾಕುವುದಿಲ್ಲ, ಒಪ್ಪಂದದಂತೆ ತಡೆಹಿಡಿದ ಶೇ. 10ರಷ್ಟು ಹಣ ಬಿಡುಗಡೆಯಾಗುವುದಿಲ್ಲ. ಗಡುವು ಮೀರಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ಹೋಗುತ್ತೇವೆ.

ಮೀಟರ್ ರೀಡಿಂಗ್‌ಗಳ ಫೋಟೊ, ಬಿಚ್ಚಿದ ಎಕ್ಸ್‌ಟೆನ್ಷನ್ ಬೋರ್ಡಿನ ಫೋಟೊ, ತಪ್ಪೆಂದು ಗುರುತಾದ ಸರಿ ಉತ್ತರಗಳ ಪಟ್ಟಿ, ನಿಮ್ಮ ಅಳವಡಿಕೆ ವರದಿಯ ನಕಲು ಮತ್ತು ಬಿಲ್ಲಿನ ನಕಲು ಲಗತ್ತಿಸಿದೆ. ಬರುವ ಎಂಜಿನಿಯರ್ ಮಲ್ಟಿಮೀಟರ್ ತರಲಿ.

ಇಂತಿ,
ಅಧ್ಯಕ್ಷರು, ಎಸ್‌ಡಿಎಂಸಿ
ಮುಖ್ಯ ಶಿಕ್ಷಕರು
ವಿಜ್ಞಾನ ಮತ್ತು ಗಣಿತ ಶಿಕ್ಷಕರು

ಪ್ರತಿ: ಕ್ಷೇತ್ರ ಶಿಕ್ಷಣಾಧಿಕಾರಿಗಳ ಗಮನಕ್ಕೆ