ನೆಟ್ ಪ್ಯಾಕ್ ಸಣ್ಣದು ಮಾಡಿದರೆ ಗೇಮ್ ನಿಲ್ಲುವುದಿಲ್ಲ: ಪಾಲಕರಿಗೆ ಪತ್ರ

ಮಾನ್ಯ ಪಾಲಕರೇ, ನಮಸ್ಕಾರ.

ಹೋದ ಸಭೆಯಲ್ಲಿ ನಿಮ್ಮಲ್ಲಿ ಕೆಲವರು ಒಂದೇ ಮಾತು ಹೇಳಿದಿರಿ. "ಸರ್, ದೊಡ್ಡ ಪ್ಯಾಕ್ ಬಿಡಿಸಿ ದಿನಕ್ಕ ಒಂದೂವರೆ ಜಿಬಿದು ಹಾಕ್ಸೇವ್ರಿ. ಇನ್ನ ಹೆಂಗ ಗೇಮ್ ಆಡ್ತಾನ ನೋಡೋಣು." ಸುತ್ತ ಕೂತಿದ್ದವರೂ ತಲೆ ಆಡಿಸಿದಿರಿ.

ಆ ಲೆಕ್ಕ ಕೂಡುವುದಿಲ್ಲ ಅಂತ ಹೇಳೋಕೇ ಈ ಪತ್ರ. ಫ್ರೀ ಫೈರ್ ಮ್ಯಾಕ್ಸ್, ಬಿಜಿಎಂಐ ತರಹದ ಆಟಕ್ಕೆ ಗಂಟೆಗೆ ಸುಮಾರು 40ರಿಂದ 100 ಎಂಬಿ ಸಾಕು. ಅದೇ ಒಂದು ಗಂಟೆ ಎಚ್‌ಡಿ ವಿಡಿಯೊ ನೋಡಿದರೆ 1 ಜಿಬಿ ದಾಟಬಹುದು. ಆಟದ ಚಿತ್ರಗಳೆಲ್ಲ ಮೊದಲೇ ಫೋನಿಗೆ ಇಳಿದಿರುತ್ತವೆ. ಆಮೇಲೆ ನೆಟ್‌ನಲ್ಲಿ ಹೋಗಿ ಬರುವುದು ಯಾರು ಎಲ್ಲಿದ್ದಾರೆ, ಯಾವ ಕಡೆ ಓಡಿದರು, ಗುಂಡು ಬಿತ್ತೋ ಇಲ್ಲವೋ ಅನ್ನುವಷ್ಟೇ ಸುದ್ದಿ. ಹೊಸ ಅಪ್‌ಡೇಟ್ ಬಂದ ದಿನ ಮಾತ್ರ ಡೇಟಾ ಜೋರಾಗಿ ಎಳೆಯುತ್ತದೆ. ಅವತ್ತಿಗೆ ಅಕ್ಕನ ಫೋನಿನ ಹಾಟ್‌ಸ್ಪಾಟ್ ಇದ್ದೇ ಇದೆಯಲ್ಲ! ಒಂದೂವರೆ ಜಿಬಿಯಲ್ಲಿ ಹುಡುಗ ಬೆಳಗಿನಿಂದ ರಾತ್ರಿವರೆಗೆ ಆಡಿದರೂ ಪ್ಯಾಕ್ ಮುಗಿಯುವುದು ಕಷ್ಟ. ಮೊದಲು ನಿಲ್ಲುವುದು ಅವನು ನೋಡಬೇಕಾದ ಗಣಿತದ ವಿಡಿಯೊ.

ಆಟಕ್ಕೆ ಬೇಕಾದದ್ದು ಬೇರೆಯೇ. ಮಕ್ಕಳು ಅದಕ್ಕೆ ಪಿಂಗ್ ಅನ್ನುತ್ತಾರೆ. ಫೋನಿನಿಂದ ಹೊರಟ ಸಂದೇಶ ಗೇಮ್ ಕಂಪನಿಯ ಸರ್ವರ್ ಮುಟ್ಟಿ ವಾಪಸ್ ಬರಲು ಹಿಡಿಯುವ ಹೊತ್ತು ಅದು. ಮಿಲಿಸೆಕೆಂಡ್ ಲೆಕ್ಕದಲ್ಲಿ 50ರ ಒಳಗಿದ್ದರೆ ಆಟ ಸರಾಗ. 100 ದಾಟಿ ಏರಿದಷ್ಟೂ "ಲ್ಯಾಗ್ ಹೊಡಿತು" ಅಂತ ಸಿಡುಕು. ನಮ್ಮ ಕಡೆ ಒಂದೊಂದು ಟವರ್‌ಗೆ ಎಷ್ಟೋ ಮನೆ. ಸಂಜೆ ಏಳರಿಂದ ಹತ್ತರವರೆಗೆ ಊರೆಲ್ಲ ಮೊಬೈಲ್ ಹಿಡಿದಿರುತ್ತದೆ, ಪಿಂಗ್ ಏರಿಳಿಯುತ್ತದೆ. ಹನ್ನೊಂದಾದ ಮೇಲೆ ಟವರ್ ಖಾಲಿ, ಆಟ ಸಲೀಸು. ಹಾಗಾಗಿ ಜಾಣ ಹುಡುಗರು ಸಂಜೆ ಪುಸ್ತಕ ಹಿಡಿದು ಕೂರುತ್ತಾರೆ. ನೀವು ಮಲಗಿದ ಮೇಲೆ ಶುರು. ಒಂಬತ್ತನೇ ತರಗತಿಯಲ್ಲಿ ಮೊದಲ ಪಿರಿಯಡ್‌ಗೆ ಹೋಗಿ ನೋಡಿ. ಹಿಂದಿನ ಬೆಂಚಿನಲ್ಲಿ ಒಬ್ಬ ಪೆನ್ ಹಿಡಿದುಕೊಂಡೇ ನಿದ್ದೆ ಹೋಗಿರುತ್ತಾನೆ. ನೋಟ್‌ಬುಕ್ಕಿನಲ್ಲಿ ಅಕ್ಷರ ಶುರುವಾಗಿ, ಇಳಿಜಾರಾಗಿ, ಗೆರೆಯಾಗಿ ಪುಟದ ಅಂಚಿಗೆ ಹೋಗಿ ನಿಂತಿರುತ್ತದೆ.

ಇನ್ನು ಸಿಗ್ನಲ್ ಹುಡುಕಿ ಮಾಳಿಗೆ ಹತ್ತುವವರು. ಅಂಚಿಗೆ ಗೋಡೆ ಇಲ್ಲದ ಮಾಳಿಗೆಗಳು ನಮ್ಮೂರಲ್ಲಿ ಎಷ್ಟಿವೆ ಅಂತ ನಿಮಗೇ ಗೊತ್ತು. ಕತ್ತಲಲ್ಲಿ, ಕಣ್ಣು ಸ್ಕ್ರೀನ್ ಮೇಲಿಟ್ಟು ಅಲ್ಲಿ ಓಡಾಡುತ್ತಾರೆ. ನನಗೆ ಗೇಮ್‌ಗಿಂತ ಇದರ ಭಯವೇ ಜಾಸ್ತಿ.

ಒಬ್ಬ ಪಾಲಕರು ಬೇಜಾರಿನಿಂದ ಹೇಳಿದ ಮಾತು ಇನ್ನೂ ತಲೆಯಲ್ಲಿದೆ. ನಮ್ಮಲ್ಲಿ ತ್ರೀ ಫೇಸ್ ಕರೆಂಟ್ ರಾತ್ರಿ ಬರುತ್ತದೆ. ಅವರು ಕಬ್ಬಿಗೆ ನೀರು ಹಾಯಿಸಲು ಹೋಗಿದ್ದರು. ಬ್ಯಾಟರಿ ತಗೊಂಡು ಬಾ ಅಂತ ಮಗನಿಗೆ ಫೋನ್ ಮಾಡಿದರೆ ಪ್ರತಿ ಸಲವೂ ಕಟ್. "ಅಪ್ಪನ ಫೋನ್ ಕಟ್ ಮಾಡೋವಷ್ಟು ದೊಡ್ಡಾವಾದ್ನೇನ್ರಿ?" ಅಂದರು. ಹುಡುಗನನ್ನು ಕೇಳಿದೆ. ನಾಲ್ಕು ಜನರ ಟೀಮ್, ಆಟ ಮಧ್ಯದಲ್ಲಿ ನಿಲ್ಲಿಸಲು ಬರುವುದಿಲ್ಲ, ಕಾಲ್ ಬಂದರೆ ಸ್ಕ್ರೀನ್ ಮುಚ್ಚುತ್ತದೆ, ಅಷ್ಟರಲ್ಲಿ ಔಟ್, ಗೆಳೆಯರು ಬೈತಾರೆ. ಇದು ಕ್ಷಮಿಸೋ ಕಾರಣ ಅಲ್ಲ. ಆದರೆ ಆಟ ಹೀಗೆ ನಡೆಯುತ್ತದೆ ಅನ್ನುವುದು ಗೊತ್ತಿದ್ದರೆ ನಮಗೇ ಅನುಕೂಲ. ಫ್ರೀ ಫೈರ್‌ನ ಒಂದು ಮ್ಯಾಚ್ ಹತ್ತು ಹದಿನೈದು ನಿಮಿಷ, ಬಿಜಿಎಂಐನ ದೊಡ್ಡ ಮ್ಯಾಪ್ ಆದರೆ ಅರ್ಧ ಗಂಟೆ ಹತ್ತಿರ. ನಡುವೆ ಹೋಗಿ ಫೋನ್ ಕಸಿದರೆ ರಂಪಾಟ ಖಾತ್ರಿ. ಮ್ಯಾಚ್ ಶುರುವಾಗುವ ಮೊದಲೇ "ಇದೊಂದೇ, ಮುಗಿಸಿ ಫೋನ್ ನನ್ನ ಕೈಗೆ ಕೊಡು" ಅನ್ನಿ. ಅಷ್ಟಾದ ಮೇಲೂ ಕೊಡದಿದ್ದರೆ ಆವಾಗ ಬೈಯಿರಿ.

ಹಾಗಾಗಿ ಎಂಬಿ ಎಣಿಸಬೇಡಿ, ಗಂಟೆ ಎಣಿಸಿ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್ ಅಂತ ಇರುತ್ತದೆ. ಯಾವ ಆ್ಯಪ್ ಎಷ್ಟು ಹೊತ್ತು ತೆರೆದಿತ್ತು ಅಂತ ಅಲ್ಲೇ ತೋರಿಸುತ್ತದೆ. ರಾತ್ರಿ ಊಟ ಆದ ಮೇಲೆ ಫೋನ್ ಚಾರ್ಜಿಗೆ ಹಾಕುವ ಜಾಗ ನಿಮ್ಮ ತಲೆದಿಂಬಿನ ಹತ್ತಿರ ಇರಲಿ, ಮಕ್ಕಳ ಹಾಸಿಗೆ ಹತ್ತಿರ ಬೇಡ. ಬಿಜಿಎಂಐನಲ್ಲಿ 18 ವರ್ಷದೊಳಗಿನವರಿಗೆ ದಿನಕ್ಕೆ 3 ಗಂಟೆಯ ಮಿತಿ ಇಟ್ಟಿದ್ದಾರೆ. ಆದರೆ ಅಪ್ಪನ ವಯಸ್ಸು ಹಾಕಿ ಖಾತೆ ತೆರೆದರೆ ಆ ಮಿತಿ ಸುಮ್ನೆ ಹೆಸರಿಗಷ್ಟೇ.

ದುಡ್ಡಿನ ವಿಷಯ. ಯುಪಿಐ ಪಿನ್ ಮಕ್ಕಳಿಗೆ ಹೇಳಬೇಡಿ, ಎಷ್ಟೇ ಮುದ್ದಿನವರಾದರೂ. ಡೈಮಂಡ್ (ಆಟದೊಳಗೆ ದುಡ್ಡು ಕೊಟ್ಟು ಕೊಳ್ಳುವ ನಾಣ್ಯ) ಫ್ರೀ ಕೊಡ್ತೀವಿ, ಓಟಿಪಿ ಹೇಳು ಅಂತ ಯಾರಾದರೂ ಕೇಳಿದರೆ ಅದು ಮೋಸ. ದುಡ್ಡು ಹೋದರೆ ಮುಚ್ಚಿಡದೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸ್ ಮಾಡಿದೆ. ರಮ್ಮಿ ಆ್ಯಪ್ ಇಟ್ಟುಕೊಂಡ ಅಪ್ಪಂದಿರೂ ಇದನ್ನು ಓದುತ್ತಿದ್ದೀರಿ ಅಂದುಕೊಂಡಿದ್ದೇನೆ.

ಎರಡು ದಿನ ಜಾಸ್ತಿ ಆಡಿದ ಹುಡುಗನಿಗೆ ಚಟ ಹತ್ತಿದೆ ಅಂತ ಹಣೆಪಟ್ಟಿ ಹಚ್ಚಬೇಡಿ. ಊಟ, ನಿದ್ದೆ, ಶಾಲೆ ಎಲ್ಲ ಬಿಟ್ಟು ತಿಂಗಳುಗಟ್ಟಲೆ ಅದರಲ್ಲೇ ಬಿದ್ದಿದ್ದರೆ ಮಾತ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಶಾಲೆಯ ಕಡೆಯಿಂದ ಒಂದು ಬದಲಾವಣೆ. ಸೋಮವಾರದಿಂದ ಹೋಮ್‌ವರ್ಕ್ ವಾಟ್ಸಾಪ್‌ನಲ್ಲಿ ಬರುವುದಿಲ್ಲ, ತರಗತಿಯಲ್ಲೇ ಡೈರಿಗೆ ಬರೆಸುತ್ತೇವೆ. "ಮಾಸ್ತರ ಹೋಮ್‌ವರ್ಕ್ ಕಳಿಸ್ಯಾರ, ಫೋನ್ ಕೊಡು" ಅನ್ನುವ ಮಾತು ರಾತ್ರಿ ಕೇಳಿಬಂದರೆ ಡೈರಿ ತೆಗೆಸಿ ನೋಡಿ.

ಬರುವ ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಹನ್ನೆರಡು ಗಂಟೆಗೆ ಸಭೆ ಇದೆ. ನಮ್ಮ ವಿಜ್ಞಾನ ಶಿಕ್ಷಕರು ಈ ಸೆಟ್ಟಿಂಗ್‌ಗಳನ್ನೆಲ್ಲ ನಿಮ್ಮ ಫೋನಿನಲ್ಲೇ ಮಾಡಿ ತೋರಿಸುತ್ತಾರೆ. ಕಬ್ಬು ಕಡಿಯಲು ಹೋದವರು ಮನೆಯಲ್ಲಿರುವ ಅಜ್ಜನನ್ನೋ ಕಾಕಾನನ್ನೋ ಕಳಿಸಿ. ಮಕ್ಕಳು ಆಡುವ ಫೋನನ್ನೇ ತನ್ನಿ, ಚಾರ್ಜ್ ಮಾಡಿಕೊಂಡು.

ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು
ಸರ್ಕಾರಿ ಪ್ರೌಢಶಾಲೆ, ಜಮಖಂಡಿ ತಾಲ್ಲೂಕು, ಬಾಗಲಕೋಟೆ ಜಿಲ್ಲೆ